ಸೊನ್ನೆ ರೂಪಾಯಿಯ ಟಿಕೆಟ್ಟು

ಬೀದರಿನಿಂದ ಔರಾದಿಗೆ ಏಳೂಮುಕ್ಕಾಲರ ಬಸ್ಸು.
ಕಂಡಕ್ಟರ್ ಪ್ರಭಾವತಿಯ ಕೈಯಂತ್ರ ಕಿರ್ರೆಂದು
ಹೆಂಗಸರಿಗೆಲ್ಲ ಒಂದೊಂದು ಸೊನ್ನೆ ಹರಿದು ಕೊಡುತ್ತದೆ.
ಜನವಾಡ ದಾಟುವಷ್ಟರಲ್ಲಿ ಸೊನ್ನೆಗಳು ಕಾಲಡಿಗೆ.
ನಾನು ಬಗ್ಗಿ ಆರಿಸುತ್ತೇನೆ.
ಮೊದಮೊದಲು ನಕ್ಕರು. ಆಮೇಲೆ ತಾವೇ
ಹಿಂದಿನ ಸೀಟಿನಿಂದ ಕೈಯಿಂದ ಕೈಗೆ ದಾಟಿಸಿದರು:
"ಲೆಕ್ಕದ ಮೇಡಮ್ಮಿಗೆ ಕೊಡ್ರಿ."

ಮೂರು ಬೆರಳಗಲದ ಕಾಗದ. ಹೆಚ್ಚಿನದು ಕತ್ತರಿಸಿದರೆ ಚೌಕ.
ಅರ್ಧಕ್ಕೆ ಮಡಚು, ಬಿಚ್ಚು. ಎರಡು ಕದ ನಡುಗೆರೆಗೆ ಮುಚ್ಚು.
ಒಂದು ಮೂಲೆ ಈ ಕದದೊಳಗೆ, ಎದುರಿನದು ಆ ಕದದೊಳಗೆ.
ಉಗುರಿನಿಂದ ತೀಡಿದರೆ ಮಡಿಕೆಯ ಗುಂಟ ಕರಿಗೆರೆ ಏಳುತ್ತದೆ,
ಉಜ್ಜಿದ ಬಿಸಿಗೆ ಕಪ್ಪಾಗುವ ಜಾತಿಯ ಕಾಗದ ಇದು.
ನಮ್ಮೂರ ಬಿದರಿ ಹೂಜಿಯ ಒಳಹೊರಗು ಮಾಡಿದಂತೆ
ಬಿಳಿಯ ಮೈ, ಕರಿಯ ತಂತಿ.

ಪ್ರತಿ ತುಂಡಿಗೆ ಎರಡು ಜೇಬು, ಎರಡು ನಾಲಿಗೆ.
ಇದರ ನಾಲಿಗೆ ಅದರ ಜೇಬಿಗೆ, ಅದರದು ಇನ್ನೊಂದರ ಜೇಬಿಗೆ.
ಅಂಟು ಬೇಡ, ದಾರ ಬೇಡ.
ಮೂರು ಕೂಡಿದಲ್ಲಿ ಒಂದು ಪುಟ್ಟ ಶಿಖರ.
ಅಂಥ ಆರು ಶಿಖರ ಸುತ್ತುಗಟ್ಟಿದರೆ ಚಾಪೆಯಂತೆ ಮಲಗುತ್ತವೆ;
ಐದೇ ಇದ್ದರೆ, ಆ ಒಂದರ ಕೊರತೆಗೆ, ಎಲ್ಲವೂ ಬಾಗುತ್ತವೆ.
ಬಾಗಿ ಬಾಗಿ, ಮೂವತ್ತನೆಯ ತುಂಡಿಗೆ ಚೆಂಡು.
ಬೋರ್ಡಿನ ಮೇಲೆ ಇದನ್ನು ಬರೆಯಲು ನನಗೆ ಬರಲಿಲ್ಲ.
ಅವರ ಕೈಯಲ್ಲೇ ಇಟ್ಟೆ.

ಸಂತಪುರ, ಎಂಟನೆಯ ತರಗತಿ. ಮುಬೀನಾಳ ಚೆಂಡು ಎರಡೇ ದಿನಕ್ಕೆ.
ವೈಜಿನಾಥನದು ಕೂಡಲೊಲ್ಲದು.
ಅವನ ತುಂಡುಗಳು ನನ್ನವಕ್ಕಿಂತ ಚೂಪು,
ಆದರೆ ಯಾರ ಜೇಬಿಗೂ ಅವನ ನಾಲಿಗೆ ಹೋಗದು.
"ತಪ್ಪು ಮಡಚೀದಿ. ಮತ್ತ ಮಡಚು."
ಮಡಚಿದ. ಮತ್ತದೇ.
ಮೂರನೆಯ ಸಲ ತುಂಡು ಬಿಟ್ಟು ಕೈ ನೋಡಿದೆ.
ಎಡಗೈ.

ನನ್ನ ತುಂಡನ್ನೇ ಮಡಚಿದ್ದ ಹುಡುಗ, ಕನ್ನಡಿಯ ಆಚೆ ಕುಳಿತು.
ಏಳು ವರ್ಷದಿಂದ ಅತಿಥಿ ಶಿಕ್ಷಕಿ ನಾನು,
ಮಾರ್ಚಿಗೆ ಹೊರಗೆ, ಜೂನಿಗೆ ಅರ್ಜಿ.
ಜೇಬು ಸಿಗದ ನಾಲಿಗೆಯೆಂದರೇನು ನನಗೆ ಗೊತ್ತಿರಬೇಕಿತ್ತು.
ಆದರೂ ಮೊದಲು ಕೈಗೆ ಬಂದದ್ದು ಕೆಂಪು ಪೆನ್ನು.

"ನಿನ್ನವು ನಿನ್ನವಕ್ಕೇ ಕೂಡ್ತಾವ. ಮೂವತ್ತೂ ನೀನೇ ಮಾಡ್ಬೇಕು."
"ಟಿಕೇಟು?"
"ತರ್ತೀನಿ."

ಮಾರ್ಚಿನ ಕೊನೆಯ ದಿನ. ನನ್ನ ಟಿಕೆಟ್ಟೂ ಸೇರಿ ಇಪ್ಪತ್ತೊಂಬತ್ತು.
ಬಸ್ಸಿನಲ್ಲಿ ಇನ್ನೊಬ್ಬಳೇ ಹೆಂಗಸು, ಸೋಜರಬಾಯಿ.
ಸುಮ್ಮಸುಮ್ಮನೆ ಸೊನ್ನೆ ಹೊಡೆಯಲಾಗದು, ಅಂದಳು ಪ್ರಭಾವತಿ,
ಅದಕ್ಕೂ ಲೆಕ್ಕ ಕೊಡಬೇಕಂತೆ.
ಸೋಜರಬಾಯಿ ಟಿಕೆಟ್ಟು ಚೆಲ್ಲಿದ್ದು ನಾನು ಕಂಡಿಲ್ಲ.
ಎಂಟು ಮಡಿಕೆ ಮಾಡಿ ಎಲೆಯಡಿಕೆ ಚೀಲಕ್ಕೆ ಸೇರಿಸುತ್ತಾಳೆ.
"ಸೊನ್ನೀ ಆದ್ರ ಏನಾತು? ಸರಕಾರ ನನಗಂತ ಕೊಟ್ಟದ್ದದ."
ಕೌಠಾ ಸೇತುವೆಯ ಮೇಲೆ ಕೇಳಿದೆ. ಕೆಳಗೆ ಮಾಂಜ್ರಾ ಬರೀ ಉಸುಕು.
ಅವಳು ಕಿಟಕಿಯತ್ತ ತಿರುಗಿದಳು.
ಸಂತಪುರದಲ್ಲಿ ನಾನು ಇಳಿಯುವಾಗ ಚೀಲ ಬಿಚ್ಚಿ
ನಿನ್ನೆಯದೊಂದು ಹುಡುಕಿ ಕೊಟ್ಟಳು.
ಇವತ್ತಿನದು ಇವತ್ತಿಗೆ ಬೇಕು.

ಸುಣ್ಣ ಮೆತ್ತಿದ ಆ ಟಿಕೆಟ್ಟನ್ನು
ವೈಜಿನಾಥ ತೊಡೆಯ ಮೇಲೆ ಹರವಿ ಸವರಿದ.
ಅವಳ ಗೆರೆ ಹೋಗಲಿಲ್ಲ. ಅದರ ಮೇಲೇ ತನ್ನದು ಎಳೆದ.
ಕೊನೆಯ ತುಂಡು ತೂರಿಸುವ ಮೊದಲು ಸಂದಿಗೆ ಕಣ್ಣಿಟ್ಟ.
"ಒಳಗ ಏನದಲೇ?" ಮುಬೀನಾ.
"ಏನಿಲ್ಲ. ಬಯಲದ."
ಮುಚ್ಚಿದ.

ಮೇಜಿನ ಮೇಲೆ ಎರಡು ಚೆಂಡು.
ಒಂದರ ಗೆರೆ ಬಲಕ್ಕೆ ಸುತ್ತುತ್ತವೆ, ಇನ್ನೊಂದರವು ಎಡಕ್ಕೆ.
ಹುಡುಗರು ಯಾವುದು ಯಾರದೆಂದು ಪಂಥ ಕಟ್ಟುತ್ತಿದ್ದಾಗ
ಹೆಡ್‌ಮಾಸ್ತರರು ನನ್ನ ಬಿಡುಗಡೆ ಪತ್ರಕ್ಕೆ ಸಹಿ ಮಾಡಿದರು.

ದೊಡ್ಡ ಹಾಳೆ, ಒಂದು ಮಗ್ಗಲು ಪೂರ್ತಿ ಖಾಲಿ.
ರಾತ್ರಿ ಮನೆಯಲ್ಲಿ ಚೌಕ ಕತ್ತರಿಸಿ
ಎಡಗೈಯಲ್ಲಿ ಮಡಚಲು ಕೂತಿದ್ದೇನೆ.
ಮೂಲೆ ಮೂಲೆಗೆ ಬರಲೊಲ್ಲದು.